ಯಾರದಮ್ಮಾ ಆ ಗುಡ್ಡ

"ಆ ಬಾಗಿಲು ಮುಟ್ಬೇಡ!" ಎಂದು ಫುಮಿನೋ ಅಡುಗೆಮನೆಯಿಂದ ಕೂಗುವಷ್ಟರಲ್ಲಿ ಸೊಸೆ ಮಿಹೋ ಪೂರ್ವದ ಜಾರುಬಾಗಿಲನ್ನು ಅರ್ಧ ಸರಿಸಿಯಾಗಿತ್ತು.

ಎದುರಿನ ಗುಡ್ಡದ ತುಂಬ ಫುಜಿ ಬಳ್ಳಿ ಹೂಬಿಟ್ಟಿತ್ತು. ನಾಟಾಕ್ಕೆಂದು ಬೆಳೆಸಿದ ಸುಗಿ ಮರಗಳ ನೆತ್ತಿಯಿಂದ ತಿಳಿನೇರಳೆ ಗೊಂಚಲುಗಳು ಇಳಿಬಿದ್ದಿದ್ದವು.

"ಅಯ್ಯೋ ಅತ್ತೆ, ಇಷ್ಟು ಚೆಂದದ್ದನ್ನ ಮುಚ್ಚಿಟ್ಕೊಂಡು ಕೂತಿದೀರಲ್ಲ! ಮಾವನಾದ್ರೂ ನೋಡ್ಲಿ ಬಿಡಿ."

ನಗರದಿಂದ ಬಂದು ಎರಡು ತಿಂಗಳಾದ ಹುಡುಗಿ, ಅವಳಿಗೇನು ಗೊತ್ತು. ಫುಮಿನೋಗೂ ಒಂದು ಕಾಲದಲ್ಲಿ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ವಸಂತದಲ್ಲಿ ಪಕ್ಕದ ಕಣಿವೆಯ ಹೂ ತೋರಿಸಿ ಚೆಂದ ಅಂದಿದ್ದಕ್ಕೆ ಗಂಡ ತತ್ಸುಜೋ ಕೆಂಡಾಮಂಡಲವಾಗಿದ್ದ.

"ಚೆಂದವಂತೆ ಚೆಂದ! ಅದು ಮರದ ಕುತ್ತಿಗೆ ಹಿಸುಕ್ತಾ ಇದೆ ಕಣೇ. ಗುಡ್ಡದಲ್ಲಿ ಫುಜಿ ಅರಳಿದೆ ಅಂದ್ರೆ ಆ ಗುಡ್ಡ ನೋಡ್ಕೊಳ್ಳೋನು ಸತ್ತಿದಾನೆ ಅಂತ ತಿಳ್ಕೋ."

ಆಮೇಲೆ ಐವತ್ತು ವರ್ಷ ಎದುರಿನ ಈ ತನ್ನ ಗುಡ್ಡದಲ್ಲಿ ಒಂದೇ ಒಂದು ಗೊಂಚಲು ಅರಳಲು ಅವನು ಬಿಟ್ಟವನಲ್ಲ. ಅವಳೂ ಜೊತೆಗೆ ಹತ್ತಿ ಬಳ್ಳಿಯ ಬುಡ ಕಡಿದಳು. ಕೊನೆಕೊನೆಗೆ ಹೂ ಕಂಡರೆ ಅವಳ ಕೈಯೇ ಕತ್ತಿ ಹುಡುಕುತ್ತಿತ್ತು.

ನಾಲ್ಕು ವರ್ಷದ ಹಿಂದೆ ಅವನಿಗೆ ಮರೆವು ಶುರುವಾಗಿ, ಕತ್ತಿ ಗೋಡೆಯ ಮೊಳೆ ಸೇರಿತು. ಮಗನಿಗೆ ಮರ ಕೊಯ್ಯುವ ಕಾರ್ಖಾನೆಯ ಕೆಲಸವೇ ಸಾಕುಸಾಕಾಗುತ್ತಿತ್ತು. ಈಗೀಗ ತತ್ಸುಜೋಗೆ ಆ ಮಗನ ಹೆಸರೂ ನೆನಪಿಲ್ಲ. ಆದರೆ ಗುಡ್ಡವನ್ನು ಮಾತ್ರ ಮರೆತಿರಲಾರ, ಈ ಗತಿಯಲ್ಲಿ ಅದನ್ನು ಕಂಡರೆ ಎದೆಯೊಡೆದುಕೊಳ್ಳುತ್ತಾನೆ ಎಂದು ಅವಳು ಪ್ರತಿ ವಸಂತಕ್ಕೂ ಆ ಬಾಗಿಲು ಮುಚ್ಚಿಡುತ್ತಿದ್ದಳು.

ಬಾಗಿಲೆದುರು ದಿಂಬಿಗೆ ಒರಗಿದ್ದ ತತ್ಸುಜೋ ಮುಂದಕ್ಕೆ ಬಾಗಿದ. ಬಹಳ ಹೊತ್ತು ನೋಡಿದ. ಫುಮಿನೋ ಸೌಟು ಹಿಡಿದುಕೊಂಡೇ ಓಡಿಬಂದು ಬಾಗಿಲ ಬಳಿ ನಿಂತಿದ್ದಳು.

"ಎಷ್ಟು ಚೆನ್ನಾಗಿದೆ!" ಎಂದ. ಮುಖ ಮಗುವಿನ ಹಾಗೆ ಹಿಗ್ಗಿತ್ತು. ಹೆಂಡತಿಯ ಕಡೆ ತಿರುಗಿ ಕೇಳಿದ, "ಯಾರದಮ್ಮಾ ಆ ಗುಡ್ಡ?"

ಬೈದಿದ್ದರೆ, ಅತ್ತಿದ್ದರೆ, ಕತ್ತಿ ಕೊಡು ಎಂದು ಹಟ ಹಿಡಿದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಇದಕ್ಕೆ ಅವಳು ಸಿದ್ಧಳಾಗಿರಲಿಲ್ಲ.

"ತತ್ಸುಜೋ ಅಂತ ಒಬ್ರದ್ದು."

"ಇಷ್ಟು ಹೂ ಬೆಳೆಸಿದಾರೆ. ಒಳ್ಳೆ ಮನುಷ್ಯ ಇರ್ಬೇಕು."

"ಹೂಂ, ಒಳ್ಳೆಯವ್ರೇ," ಎಂದಳು ಫುಮಿನೋ. "ಸ್ವಲ್ಪ ಕೋಪ ಜಾಸ್ತಿ."

ಮಿಹೋ ಮೆಲ್ಲಗೆ ಬಾಗಿಲು ಮುಚ್ಚಲು ಹೋದಳು. ಅತ್ತೆ ಅವಳ ಕೈ ಸರಿಸಿ, ಉಳಿದರ್ಧವನ್ನೂ ತೆರೆದು, ಸೌಟನ್ನು ನೆಲಕ್ಕಿಟ್ಟು ಅವನ ಪಕ್ಕದಲ್ಲಿ ಕೂತಳು.