ಪಿಹ್ಲಾ ಕಾಫಿ ಬೇಡ ಎಂದ ದಿನ

ಸಾಫ್ಟ್‌ವೇರ್ ಪ್ರಾಜೆಕ್ಟ್ ನಿಭಾಯಿಸುವುದು ಹೇಗೆಂದು ಇಂಜಿನಿಯರಿಂಗ್ ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ಔಲು ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಅರ್ಧ ಜನಕ್ಕೆ ಅದೊಂದು ತಮಾಷೆ. "ನಿಂದೇನು ಬಿಡು ರೈಯಾ, ಬರೀ ಮಾತು" ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತದೆ. ಬರೀ ಮಾತಂತೆ. ಈ ಸೀಮೆಯವರ ಬಾಯಿಂದ ನಾಲ್ಕು ಮಾತು ಹೊರಡಿಸಿ ತೋರಿಸಲಿ, ಆಮೇಲೆ ನೋಡೋಣ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದು ನಿಜವಾದರೆ ನಮ್ಮ ಉತ್ತರ ಫಿನ್ಲೆಂಡಿನವರಷ್ಟು ಸಿರಿವಂತರು ಭೂಮಿಯ ಮೇಲೇ ಇಲ್ಲ. ಕೋಡ್ ಬರೆಯುವುದನ್ನು ಒಂದು ಚಳಿಗಾಲದಲ್ಲಿ ಕಲಿಸಬಹುದು. 'ಇದು ನನ್ನ ಕೈಲಿ ಆಗ್ತಿಲ್ಲ' ಎಂದು ಬಾಯಿಬಿಟ್ಟು ಹೇಳುವುದನ್ನು ಕಲಿಸುವಷ್ಟರಲ್ಲಿ ಮಕ್ಕಳು ಪದವಿ ಮುಗಿಸಿ ಹೋಗಿರುತ್ತಾರೆ.

ನನ್ನ ತರಗತಿಯಲ್ಲಿ ಪ್ರತಿ ತಂಡಕ್ಕೂ ನಿಜವಾದ ಗಿರಾಕಿ ಇರುತ್ತಾರೆ. ಶರತ್ಕಾಲದಲ್ಲಿ ಕೆಲಸ ಶುರು, ಫೆಬ್ರವರಿ ಕೊನೆಗೆ ಒಪ್ಪಿಸಬೇಕು. ವಾರದ ಸಭೆಗಳಲ್ಲಿ ನಾನು ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತೇನೆ, ನಡುವೆ ಮೂಗು ತೂರಿಸುವುದಿಲ್ಲ. ಎಡವಿದರೆ ಅವರೇ ಎಡವಬೇಕು, ಎದ್ದರೆ ಅವರೇ ಏಳಬೇಕು. ಹೇಳುವುದು ಸುಲಭ. ಎಷ್ಟೋ ಸಲ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡು ಕೂತಿದ್ದೇನೆ.

ಆ ವರ್ಷ ಪಿಹ್ಲಾ ಎಂಬ ಹುಡುಗಿ ಒಂದು ತಂಡದ ಮುಂದಾಳಾಗಿದ್ದಳು. ಚಿಕ್ಕ ಆಕೃತಿ, ಮೆಲ್ಲಗಿನ ದನಿ. ಪಾಪ, ಬಾಗಿಲು ತಟ್ಟುವುದಕ್ಕೂ ಕ್ಷಮೆ ಕೇಳುವ ಜಾತಿ. ಅವಳ ಗಿರಾಕಿ ಒಂದು ಹಳ್ಳಿಯ ಸ್ಕೀ ಸಂಘ. ಸಂಘದ ಹಿರಿಯ ತೈಸ್ತೊ, ಎಪ್ಪತ್ತು ದಾಟಿದವರು, ಹೆಪ್ಪುಗಟ್ಟಿದ ಸರೋವರದ ಮೇಲೆ ಯಂತ್ರ ಓಡಿಸಿ ಸ್ಕೀ ದಾರಿ ಮಾಡುತ್ತಿದ್ದರು. ಯಾವ ದಾರಿ ತಯಾರಿದೆ, ಯಾವ ಕಡೆ ಮಂಜುಗಡ್ಡೆ ಎಷ್ಟು ದಪ್ಪ ಇದೆ ಎಂದು ಜನರಿಗೆ ಫೋನಿನಲ್ಲೇ ಕಾಣಬೇಕು. ಅಷ್ಟೇ ಅವರ ಬೇಡಿಕೆ. ಮಾರ್ಚಿನ ಸ್ಕೀ ರಜೆಗೆ ಮಕ್ಕಳುಮರಿ ಕಟ್ಟಿಕೊಂಡು ಊರಿಗೆ ಊರೇ ಸರೋವರಕ್ಕೆ ಇಳಿಯುತ್ತದೆ. ಅಷ್ಟರೊಳಗೆ ಆ್ಯಪ್ ಕೈಸೇರಬೇಕಿತ್ತು.

ಮಂಜುಗಡ್ಡೆಯ ಭಾಗ ಓತ್ಸೊ ಎಂಬ ಹುಡುಗನ ಪಾಲಿಗೆ ಬಂದಿತ್ತು. ತಂಡದಲ್ಲೇ ಜಾಣ, ಕರಡಿಯಂಥ ದೊಡ್ಡ ಮೈ, ಬಾಯಿಗೆ ಮಾತ್ರ ಬೀಗ. ಪ್ರತಿ ಸಭೆಯಲ್ಲೂ ಪಿಹ್ಲಾ ಕೇಳುತ್ತಿದ್ದಳು, "ಎಲ್ಲಾ ಸರಿಯಾಗಿದೆ ಅಲ್ವಾ?" ಓತ್ಸೊ "ನಡೀತಿದೆ" ಅನ್ನುತ್ತಿದ್ದ. ಅವಳು ಮುಂದಿನವನ ಕಡೆ ತಿರುಗುತ್ತಿದ್ದಳು. ನಮ್ಮಲ್ಲಿ ಇದಕ್ಕಿಂತ ಹೆಚ್ಚು ಕೆದಕಿದರೆ ಅವನ ಮೇಲೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ.

ಒಪ್ಪಿಸುವ ಹಿಂದಿನ ದಿನ ತಂಡದ ಮೂರನೆಯವನಾದ ಎಲ್ಮೆರಿ ಸರೋವರಕ್ಕೆ ಹೋಗಿ ಪರೀಕ್ಷೆ ಮಾಡಿ ಬಂದ. ಕಿವಿಯೆರಡೂ ಚಳಿಗೆ ಕೆಂಪಾಗಿದ್ದವು.

"ಒಂದು ಸಂತೋಷದ ಸಮಾಚಾರ" ಅಂದ. "ಫೋನಿನ ತಾರೀಖು ಜೂನ್‌ಗೆ ಹಾಕಿ ನೋಡ್ದೆ. ನಮ್ಮ ಆ್ಯಪ್ ಪ್ರಕಾರ ಜೂನ್‌ನಲ್ಲೂ ಕೆರೆ ಮೇಲೆ ಸ್ಕೀ ಮಾಡ್ಬಹುದು."

ಯಾರೂ ನಗಲಿಲ್ಲ. ಸರೋವರದ ಆಚೆ ತುದಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಸಂಘದವರು ಅಲ್ಲಿ ನಿಂತು ಗಡ್ಡೆ ಅಳೆದು ಕಳಿಸಿದ ಲೆಕ್ಕ ಬಂದು ಸೇರದಿದ್ದರೆ ಆ್ಯಪ್ ಹಳೆಯ ಲೆಕ್ಕವನ್ನೇ ಹಸಿರು ಬಣ್ಣದಲ್ಲಿ, ಈಗಷ್ಟೇ ಅಳೆದದ್ದೆಂಬಂತೆ ತೋರಿಸುತ್ತಿತ್ತು. ಕೆಳಗೆ ತೊರೆ ಬಂದು ಸೇರುವ ಜಾಗ ಅದು, ಗಡ್ಡೆ ತೆಳುವಾಗುವುದೂ ಅಲ್ಲೇ.

"ಗೊತ್ತು" ಅಂದ ಓತ್ಸೊ, ಮೇಜು ನೋಡುತ್ತಾ.

"ಗೊತ್ತಿದ್ದೂ ನಡೀತಿದೆ ಅಂತಿದ್ಯಾ?" ಪಿಹ್ಲಾ ಕೇಳಿದಳು.

"ನಡೀತಾನೇ ಇತ್ತು. ಸರಿ ಮಾಡ್ತೀನಿ ಅಂದ್ಕೊಂಡಿದ್ದೆ. ಆಗ್ಲಿಲ್ಲ."

"ನಾಳೆ ಕೊಟ್ಬಿಡೋಣ ಕಣೆ" ಅಂದ ಎಲ್ಮೆರಿ. "ರಜೆಯಲ್ಲಿ ಕೂತು ಸರಿ ಮಾಡಿದ್ರಾಯ್ತು. ಯಾರಿಗೆ ಗೊತ್ತಾಗತ್ತೆ? ತೈಸ್ತೊ ಊರಿಗೆಲ್ಲ ಡಂಗುರ ಹೊಡ್ಸಿದಾರೆ. ಈಗ ಇಲ್ಲ ಅಂದ್ರೆ ಗಡ್ಡೆ ಕೊರೆದು ನಮ್ಮನ್ನೇ ಕೆಳಗೆ ಬಿಡ್ತಾರೆ."

ಮಧ್ಯಾಹ್ನ ಪಿಹ್ಲಾ ನನ್ನ ಕೋಣೆಗೆ ಬಂದಳು. "ರೈಯಾ, ನಾನೇನು ಮಾಡ್ಲಿ?"

'ಕೊಡಬೇಡ' ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. "ಪ್ರಾಜೆಕ್ಟ್ ನಿಂದು" ಎಂದಷ್ಟೇ ಹೇಳಿದೆ. ಅವಳು ತಲೆ ತಗ್ಗಿಸಿ ಹೋದಳು. ಅವಳು ಆ ಆ್ಯಪನ್ನು ಹಾಗೇ ಒಪ್ಪಿಸಲು ಹೊರಟರೆ ನಾನು ಎದ್ದು ನಿಂತು ತಡೆಯಲೇಬೇಕು. ಪಾಠಕ್ಕಿಂತ ಜನರ ಜೀವ ದೊಡ್ಡದು. ಆದರೆ ನಾನು ಎದ್ದು ನಿಲ್ಲಬೇಕಾಗಿ ಬಂದರೆ, ಇಷ್ಟು ವರ್ಷ ಕಲಿಸಿದ್ದೆಲ್ಲ ನೀರಿನಲ್ಲಿ ಹೋಮ.

ಮರುದಿನ ಸಂಘದ ಮನೆಯಲ್ಲಿ ಸೇರಿದೆವು. ತೈಸ್ತೊ ಟೈ ಕಟ್ಟಿದ್ದರು. ಹಳ್ಳಿಯ ಏಳೆಂಟು ಗಂಡಸರು ಉಣ್ಣೆಯ ಕಾಲುಚೀಲದಲ್ಲಿ ಗೋಡೆಗೊರಗಿ ಬೆಂಚಿನಲ್ಲಿ ಸಾಲಾಗಿ ಕೂತಿದ್ದರು. ಏಲಕ್ಕಿ ಹಾಕಿದ ಬನ್ನು ಒಲೆಯಿಂದ ಆಗತಾನೇ ಬಂದಿತ್ತು. ಮೊದಲು ಕಾಫಿ, ಆಮೇಲೆ ಕೆಲಸದ ಮಾತು. ಅಲ್ಲಿನ ಅಲಿಖಿತ ಕಾನೂನು ಅದು. ಕಾಫಿ ಮುಗಿಯುವುದೆಂದರೆ ಎರಡು ಲೋಟ ಮುಗಿಯುವುದು, ಅಷ್ಟರಲ್ಲಿ ಎಂಥ ಗಟ್ಟಿಗರ ಧೈರ್ಯವೂ ಬೆಚ್ಚಗಾಗಿ ಕರಗಿರುತ್ತದೆ.

ತೈಸ್ತೊ ಹೂಜಿ ಬಗ್ಗಿಸುವ ಹೊತ್ತಿಗೆ ಪಿಹ್ಲಾ ಲೋಟದ ಮೇಲೆ ಕೈ ಇಟ್ಟಳು.

"ಈಗ ಬೇಡ. ಮೊದಲು ಒಂದು ವಿಷಯ ಹೇಳ್ಬೇಕು."

ಗೋಡೆಯ ಸಾಲಿನಲ್ಲಿ ಅಗಿಯುವುದು ನಿಂತಿತು. ಆ ಸೀಮೆಯಲ್ಲಿ ಕಾಫಿ ಬೇಡ ಎನ್ನುವುದು ಮದುವೆ ಮನೆಯಲ್ಲಿ ಎಲೆ ಬಿಟ್ಟು ಏಳುವುದಕ್ಕೆ ಸಮ. ನಾನು ಕುರ್ಚಿಯ ತುದಿಗೆ ಬಂದು ಕೂತಿದ್ದೆ.

"ಮಂಜುಗಡ್ಡೆ ಭಾಗ ನಿಮಗೆ ಇವತ್ತು ಕೊಡ್ತಿಲ್ಲ" ಅಂದಳು. "ಅದು ತಪ್ಪು ತೋರಿಸ್ತಿದೆ. ತೆಳುವಾಗಿದ್ರೂ ಗಟ್ಟಿ ಅನ್ನತ್ತೆ. ಅದನ್ನ ನಂಬಿ ಯಾರಾದ್ರೂ ಹೋದ್ರೆ ಮುಳುಗ್ತಾರೆ. ಅದಕ್ಕೇ ಕಿತ್ತು ಹಾಕಿದೀವಿ. ಸ್ಕೀ ದಾರಿಯ ಭಾಗ ಚೆನ್ನಾಗಿದೆ, ಅದನ್ನ ತಗೊಳ್ಳಿ."

ತೈಸ್ತೊ ಹೂಜಿ ಕೆಳಗಿಟ್ಟರು. ತುಂಬ ಹೊತ್ತು ಮಾತಾಡಲಿಲ್ಲ. ಪಿಹ್ಲಾಳ ಕತ್ತು ಕೆಂಪಾಯಿತು. ಆದರೆ ಆ ಮೌನವನ್ನು ತುಂಬಲೆಂದು ಅವಳು ಒಂದು ಸುಳ್ಳನ್ನೂ ಸೇರಿಸಲಿಲ್ಲ.

"ರಜೆ ಸೋಮವಾರದಿಂದ" ಅಂದರು ಕೊನೆಗೆ.

"ಗೊತ್ತು."

"ಊರಿಗೆಲ್ಲ ಹೇಳಿದೀನಿ."

"ಅದೂ ಗೊತ್ತು. ಗಡ್ಡೆ ಇದ್ದ ಜಾಗದಲ್ಲಿ ಈಗ ಒಂದೇ ಸಾಲು ಹಾಕಿದೀವಿ. 'ಸರೋವರಕ್ಕೆ ಇಳಿಯೋ ಮೊದಲು ತೈಸ್ತೊಗೆ ಫೋನ್ ಮಾಡಿ' ಅಂತ. ಕೆಳಗೆ ನಿಮ್ಮ ನಂಬರು. ನೀವು ಒಪ್ಪಿದ್ರೆ ಮಾತ್ರ."

ಗೋಡೆಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಹೋಗ್ಲಿ ಬಿಡು ತೈಸ್ತೊ, ಆ ನೆಪದಲ್ಲಾದ್ರೂ ನಿನಗೊಬ್ರು ಫೋನ್ ಮಾಡ್ತಾರೆ."

ತೈಸ್ತೊ ಆ ಕಡೆ ನೋಡಲೂ ಇಲ್ಲ. "ಹಾಗಾದ್ರೆ ಗಡ್ಡೆದು ಯಾವತ್ತು ಬರತ್ತಮ್ಮಾ?"

"ಗೊತ್ತಿಲ್ಲ. ಯಾವತ್ತು ಅನ್ನೋದನ್ನ ಮಂಗಳವಾರ ಹೇಳ್ತೀನಿ. ಇವತ್ತು ಹೇಳಿದ್ರೆ ಅದು ಸುಳ್ಳಾಗತ್ತೆ."

ಗೊತ್ತಿಲ್ಲ ಎನ್ನುವುದಕ್ಕೆ ನಾಚಲಿಲ್ಲ ಹುಡುಗಿ. ಗೊತ್ತಾಗುವ ದಿನ ಯಾವುದೆಂದು ಮಾತ್ರ ಮಾತು ಕೊಟ್ಟಳು. ನಾನು ಬೋರ್ಡಿನ ಮೇಲೆ ಎಷ್ಟೆಲ್ಲ ಗೆರೆ, ಬಾಣ, ಚೌಕ ಬರೆದು ಹೇಳುವುದೂ ಇದನ್ನೇ. ಇಷ್ಟು ಚೆನ್ನಾಗಿ ನನಗೇ ಯಾವತ್ತೂ ಹೇಳಲು ಬಂದಿಲ್ಲ.

"ಇದು ಯಾರ ತಪ್ಪು?" ತೈಸ್ತೊ ಕೇಳಿದರು.

ಓತ್ಸೊನ ದೊಡ್ಡ ಮೈ ಕುರ್ಚಿಯಲ್ಲೇ ಕುಗ್ಗಿತು. ಪಿಹ್ಲಾ ಅವನ ಕಡೆ ಕಣ್ಣು ಸಹ ಹಾಯಿಸಲಿಲ್ಲ.

"ನಂದು. ಎಲ್ಲಾ ಸರಿಯಾಗಿದೆ ಅಲ್ವಾ ಅಂತ ಪ್ರತಿ ವಾರ ಕೇಳ್ತಿದ್ದೆ. ಹಾಗೆ ಕೇಳಿದ್ರೆ ಇಲ್ಲ ಅನ್ನೋದು ಯಾರಿಗಾದ್ರೂ ಕಷ್ಟ. ಏನು ಆಗ್ತಿಲ್ಲ ಅಂತ ಕೇಳ್ಬೇಕಿತ್ತು."

"ಇಲ್ಲ" ಅಂದ ಓತ್ಸೊ. ಅವನ ದನಿ ಅಷ್ಟು ದಪ್ಪವೆಂದು ನನಗೆ ಅವತ್ತೇ ಗೊತ್ತಾಗಿದ್ದು. "ಅವಳಿಗೆ ನಾನು ಹೇಳ್ಬೇಕಿತ್ತು. ಕ್ರಿಸ್‌ಮಸ್‌ಗೆ ಮುಂಚೆನೇ ಗೊತ್ತಿತ್ತು. ಕೆರೆಯ ಆಚೆ ತುದಿಯಿಂದ ಸುದ್ದಿ ಬರಲ್ಲ. ಏನು ಮಾಡೋದು ಅಂತ ಹುಡುಕಿದೆ, ದಾರಿ ಸಿಗ್ಲಿಲ್ಲ. ಕೇಳೋಕೆ ನಾಚಿಕೆಯಾಯ್ತು." ಒಂದೇ ಉಸಿರಿಗೆ ಅಷ್ಟು ಹೇಳಿ ಹಣೆ ಒರೆಸಿಕೊಂಡ.

ತೈಸ್ತೊ ಟೈ ಸಡಿಲಿಸಿದರು. ಗಂಟಲು ಸರಿಮಾಡಿಕೊಂಡರು.

"ಅಲ್ಲಿ ಸಿಗ್ನಲ್ ಬರಲ್ಲ ಅಂತ ನಂಗೂ ಗೊತ್ತಿತ್ತು. ನೀವು ಓದಿರೋ ಮಕ್ಕಳು, ನಿಮಗೆ ಗೊತ್ತಿಲ್ದೆ ಇರತ್ತಾ ಅಂತ ಸುಮ್ನಿದ್ದೆ."

ಗೋಡೆಯ ಸಾಲಿನಿಂದ ಒಬ್ಬ ಕೆಮ್ಮಿದ. "ದ್ವೀಪದ ಹಿಂದುಗಡೇನೂ ಬರಲ್ಲ."

"ಹಳೇ ದೋಣಿಮನೆ ಹತ್ರಾನೂ ಅಷ್ಟೇ" ಅಂದ ಇನ್ನೊಬ್ಬ. "ಹೋದ ವರ್ಷ ಅಲ್ಲಿ ನನ್ನ ಕಾಲು ಒಳಗೆ ಹೋಗಿತ್ತು."

"ಹೋಗಿತ್ತಾ? ಯಾವತ್ತೂ ಹೇಳೇ ಇಲ್ವಲ್ಲೋ" ಅಂದರು ತೈಸ್ತೊ.

"ನೀನು ಕೇಳ್ಲಿಲ್ಲ."

ಆಮೇಲೆ ಶುರುವಾಯಿತು ನೋಡಿ. ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಒಬ್ಬರ ಪಕ್ಕ ಒಬ್ಬರು ಸುಮ್ಮನೆ ಕೂತವರು ಒಟ್ಟಿಗೆ ಬಾಯಿ ತೆರೆದರು. ಎಲ್ಲಿ ಗಡ್ಡೆ ಮೊದಲು ಕಪ್ಪಾಗಿ ಸಡಿಲವಾಗುತ್ತದೆ, ಎಲ್ಲಿ ಹಿಮ ಮುಚ್ಚಿ ಮೋಸ ಮಾಡುತ್ತದೆ, ಯಾರ ನಾಯಿ ಎಲ್ಲಿ ಮುಳುಗಿ ಎದ್ದಿತು. ಓತ್ಸೊ ಎದ್ದು ಗೋಡೆಯ ನಕ್ಷೆಯ ಮುಂದೆ ನಿಂತು, "ಇಲ್ಲೇನಾ? ಇನ್ನೂ ಎಡಕ್ಕಾ?" ಎಂದು ಕೇಳುತ್ತಿದ್ದ. ಎಲ್ಮೆರಿ ಬರೆದುಕೊಳ್ಳಲು ಪೆನ್ನಿಗಾಗಿ ಎಲ್ಲರ ಜೇಬು ನೋಡುತ್ತಿದ್ದ.

"ಒಬ್ಬೊಬ್ಬರಾಗಿ ಹೇಳಿ" ಅಂದಳು ಪಿಹ್ಲಾ. ಯಾರಿಗೂ ಕೇಳಿಸಲಿಲ್ಲ. ಅವಳು ಕುರ್ಚಿಯ ಮೇಲೆ ಹತ್ತಿ ನಿಂತು ಗಟ್ಟಿಯಾಗಿ ಹೇಳಿದಳು. ಗಂಡಸರೆಲ್ಲ ಸುಮ್ಮನಾಗಿ, ಬೆಂಚಿನಲ್ಲಿ ಕೂತ ಸಾಲಿನಲ್ಲೇ ಒಬ್ಬರಾದ ಮೇಲೆ ಒಬ್ಬರು ಹೇಳತೊಡಗಿದರು.

ಮೂಲೆಯಲ್ಲಿ ಕೂತ ನನ್ನ ಕಣ್ಣು ಮಂಜಾಯಿತು, ಮುಚ್ಚಿಡುವುದೇನಿದೆ. ನನ್ನ ಹುಡುಗಿ ಅವಳು. ಅಷ್ಟು ಹೊತ್ತಿನಲ್ಲಿ ಒಂದೇ ಒಂದು ಸಲವೂ ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ.