ನಾಯಿಗೆ ಓದಿ ಹೇಳಿದ ಕಥೆ

ಓವನ್ ಹೆಸರಿನ ಮುಂದೆ ಹದಿನಾಲ್ಕು ನಕ್ಷತ್ರ, ಟೆಸ್ ಹೆಸರಿನ ಮುಂದೆ ಮೂರು. ಮಿಷಿಗನ್‌ನ ಆ ಚಿಕ್ಕ ಊರಿನ ಗ್ರಂಥಾಲಯದ ಗೋಡೆಯ ಮೇಲೆ, ಯಾವ ಮಗು ಎಷ್ಟು ಪುಸ್ತಕ ಓದಿತು ಎಂಬ ಪಟ್ಟಿ ನೋಡಿದಾಗಲೆಲ್ಲ ಮಾರ್ಲಿಸ್‌ಗೆ ಹೊಟ್ಟೆ ಉರಿಯುತ್ತಿತ್ತು. ಟೆಸ್ ಅವಳ ಮಗಳು, ಒಂಬತ್ತು ವರ್ಷ. ಓವನ್ ಅವಳ ನಾದಿನಿ ಕೊಲೀನಳ ಮಗ. ಎರಡು ವರ್ಷದ ಹಿಂದೆ ತನ್ನ ಹೆಸರು ಬರೆಯಲೂ ತಿಣುಕುತ್ತಿದ್ದ ಹುಡುಗ. ಶಾಲೆಯವರು ಪರೀಕ್ಷಿಸಿ ಅವನಿಗೆ ಕಲಿಕೆಯ ತೊಂದರೆ ಇದೆ ಎಂದರು. ಅಂದಿನಿಂದ ಅವನಿಗೆ ದಿನಾ ಬೇರೆ ಟೀಚರ್, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ.

"ಅಷ್ಟೆಲ್ಲ ಕೈ ಹಿಡಿದು ನಡೆಸಿದ್ರೆ ಕತ್ತೆನೂ ಓದುತ್ತೆ," ಎಂದು ಮಾರ್ಲಿಸ್ ಗಂಡನ ಮುಂದೆ ಗೊಣಗುತ್ತಿದ್ದಳು.

ಟೆಸ್‌ಳನ್ನೂ ಪರೀಕ್ಷಿಸುತ್ತೇವೆ, ಒಪ್ಪಿಗೆಯ ಸಹಿ ಹಾಕಿ ಎಂದು ಶಾಲೆಯಿಂದ ಬಂದ ಕಾಗದ ಮೂರು ವಾರದಿಂದ ಫ್ರಿಜ್ ಬಾಗಿಲಲ್ಲೇ ಇತ್ತು. ಹೀಗೇ ಇದ್ದರೆ ಹುಡುಗಿ ಮೂರನೇ ತರಗತಿಯಲ್ಲೇ ಉಳಿಯಬೇಕಾಗುತ್ತದೆ ಎಂದು ಟೀಚರ್ ಹೇಳಿಯಾಗಿತ್ತು. ಮಗಳು ಸೋಮಾರಿಯೇ ಹೊರತು ದಡ್ಡಿಯಲ್ಲ ಎಂಬುದು ಮಾರ್ಲಿಸ್‌ಳ ಹಟ. ಕೊಲೀನಳ ಮುಂದೆ ತಲೆ ತಗ್ಗಿಸುವುದುಂಟೇ?

ಶನಿವಾರ ಗ್ರಂಥಾಲಯದಲ್ಲಿ ಮಕ್ಕಳು ನಾಯಿಗೆ ಓದಿ ಹೇಳುವ ದಿನ. ನಾಯಿ ತಪ್ಪು ಹುಡುಕುವುದಿಲ್ಲ, ನಗುವುದಿಲ್ಲ. ವಾಫಲ್ ಎಂಬ ಆ ಮುದಿ ನಾಯಿಯ ಒಡತಿ ಹೆಲ್ಮಿ, ಓದು ಹತ್ತದ ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು.

ಮಾರ್ಲಿಸ್ ಕಪಾಟಿನ ಹಿಂದೆ ನಿಂತು ಕಿವಿಗೊಟ್ಟಳು. ಓವನ್ ಸಾಲಿನ ಕೆಳಗೆ ಬೆರಳಿಟ್ಟು, ತಡವರಿಸುತ್ತ ಒಂದೊಂದೇ ಪದ ಓದಿದ. ಆಮೇಲೆ ಟೆಸ್ ಶುರು ಮಾಡಿದಳು, ನೀರು ಹರಿದಂತೆ. ಹಡಗುಗಳಿಗೆ ದಾರಿ ತೋರುವ ದೀಪಸ್ತಂಭದ ಮುದುಕ, ಅವನ ತುಂಟ ಆಡು, ಆಡು ಸರೋವರಕ್ಕೆ ಬಿದ್ದದ್ದು. ಮಾರ್ಲಿಸ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇದನ್ನು ಕೊಲೀನಳಿಗೆ ಕೇಳಿಸಲೇಬೇಕು ಎಂದು ಫೋನ್ ಹಿಡಿದು ಬಂದಳು.

"ಪುಟ್ಟಿ, ಅದೇ ಪುಟ ಇನ್ನೊಂದ್ಸಲ ಓದು. ಅತ್ತೆಗೆ ಕಳಿಸ್ಬೇಕು."

ಟೆಸ್ ತುಟಿ ಕಚ್ಚಿದಳು. ಮತ್ತೆ ಶುರು ಮಾಡಿದಳು. ಈ ಸಲ ಆಡು ಸರೋವರಕ್ಕೆ ಬೀಳಲಿಲ್ಲ, ಚಾವಣಿ ಹತ್ತಿತು.

ಮಾರ್ಲಿಸ್ ಪುಸ್ತಕದ ಮೇಲೆ ಕಣ್ಣಾಡಿಸಿದಳು. ಚಿತ್ರದಲ್ಲಿ ಮುದುಕನೂ ಆಡೂ ಇದ್ದರು. ಕೆಳಗೆ ಬರೆದಿದ್ದುದು ಬಿರುಗಾಳಿಯ ಸಂಗತಿ. ಅವಳು ಫೋನನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡಳು.

ಹೆಲ್ಮಿ ಅವಳನ್ನು ಪಕ್ಕಕ್ಕೆ ಕರೆದಳು. "ಮೂರು ಶನಿವಾರದಿಂದ ಹೀಗೇ ಕಥೆ ಕಟ್ತಿದಾಳೆ ಕಣೇ. ಇಷ್ಟು ಚೆನ್ನಾಗಿ ಕಟ್ಟೋಳು ದಡ್ಡಿ ಹೇಗಾಗ್ತಾಳೆ?"

"ಮತ್ತೆ ಓದೋಕೇನು ದಾಡಿ ಅವಳಿಗೆ?"

"ಅಕ್ಷರ ಕಾಣುತ್ತೆ, ಅದರ ಶಬ್ದ ಕೂಡಿಸೋಕೆ ಆಗ್ತಿಲ್ಲ ಅನ್ಸುತ್ತೆ. ಓದಲೇಬೇಕು ಅಂದ್ರೆ ಮೊದಲ ಅಕ್ಷರ ನೋಡಿ ಉಳಿದಿದ್ದು ಊಹೆ ಮಾಡ್ತಾಳೆ. ಶಾಲೆ ಅಂದ್ರೆ ಹೊಟ್ಟೆನೋವು ಬರುತ್ತಾ?"

"ಪ್ರತಿ ಸೋಮವಾರ."

"ಬಾಯಲ್ಲಿ ಹೇಳಿದ್ದೆಲ್ಲ ನೆನಪಿರುತ್ತೆ, ನಿನ್ನೆ ಓದಿದ ಪದ ಮಾತ್ರ ಇವತ್ತು ಹೊಸದು. ಹೌದಾ?"

ಮಾರ್ಲಿಸ್ ಹೌದೆಂದು ತಲೆಯಾಡಿಸಿದಳು.

"ನಾನು ಹೇಳಿದ್ದೇ ಕೊನೆಯಲ್ಲ. ಶಾಲೆಯವರು ಪರೀಕ್ಷಿಸ್ಲಿ. ಮೊದಲು ಕಣ್ಣು, ಕಿವಿ ಸರಿಯಿದೆಯಾ ನೋಡ್ತಾರೆ. ಆಮೇಲೆ ಶಾಲೆಯ ಮನಶ್ಶಾಸ್ತ್ರಜ್ಞೆ ಅವಳ ಜೊತೆ ಕೂತು ಓದಿಸ್ತಾರೆ, ಬರೆಸ್ತಾರೆ, ನೆನಪು ನೋಡ್ತಾರೆ, ಟೀಚರನ್ನೂ ನಿನ್ನನ್ನೂ ವಿಚಾರಿಸ್ತಾರೆ. ಒಂದು ಡಾಲರೂ ಕೇಳಲ್ಲ. ನಿನ್ನ ಸಹಿ ಬೇಕು, ಅಷ್ಟೇ."

"ಕೊಲೀನ್ ನಗ್ತಾಳೆ."

"ಕೊಲೀನ್ ನಂಗೇ ಹೇಳಿದಾಳೆ, ಅವಳೂ ಒಪ್ಪಿಗೆಯ ಕಾಗದಾನ ಒಂದು ವರ್ಷ ಬಚ್ಚಿಟ್ಟಿದ್ಳು. ನೀನು ನಗ್ತೀಯ ಅಂತ."

ನಕ್ಕೇ ನಗುತ್ತಿದ್ದೆ ಎಂಬುದು ಮಾರ್ಲಿಸ್‌ಗೇ ಗೊತ್ತಿತ್ತು.

ಕಾರಿನಲ್ಲಿ ಟೆಸ್ ಮೆಲ್ಲಗೆ ಕೇಳಿದಳು, "ಬೈತೀಯಾ ಅಮ್ಮ?"

"ಇಲ್ಲ. ಯಾಕೆ ಹೇಳ್ಲಿಲ್ಲ ನಂಗೆ?"

"ನಂಗೆ ಓವನ್ ಕಂಡ್ರೆ ಹೊಟ್ಟೆಕಿಚ್ಚು."

"ನಕ್ಷತ್ರಕ್ಕಾ?"

"ಅಲ್ಲ. ಅವನಿಗೆ ಓದೋದು ಕಷ್ಟ ಅಂತ ಎಲ್ರಿಗೂ ಗೊತ್ತು, ಅದಕ್ಕೆ ಹೇಳ್ಕೊಡ್ತಾರೆ. ನಂಗೆ ಕಷ್ಟ ಅಂದ್ರೆ ಸೋಮಾರಿ ಅಂತೀರ."

ಮನೆಗೆ ಬಂದವಳೇ ಮಾರ್ಲಿಸ್ ಕೋಟು ಕೂಡ ಬಿಚ್ಚದೆ ಸಹಿ ಹಾಕಿದಳು. ಆಮೇಲೆ ನಾದಿನಿಗೆ ಫೋನ್ ಮಾಡಿದಳು. "ಶಾಲೆಯವರ ಹತ್ರ ಏನೇನು ಕೇಳ್ಬೇಕು, ಸ್ವಲ್ಪ ಹೇಳೇ," ಎಂದಳು.

ಇದನ್ನು ಓದುತ್ತಿರುವ ತಾಯ್ತಂದೆಯರೇ, ನಿಮ್ಮ ಮಗು ಮಾತಿನಲ್ಲಿ ಚುರುಕು, ಪುಸ್ತಕ ಕಂಡರೆ ದೂರವೇ? ಸೋಮಾರಿ ಎನ್ನುವ ಮೊದಲು ಒಂದೇ ಪುಟವನ್ನು ಎರಡು ಸಲ ಓದಿಸಿ, ಪಕ್ಕದಲ್ಲಿ ಕೂತು ನೋಡಿ. ಅನುಮಾನ ಬಂದರೆ ಪರೀಕ್ಷಿಸಿ ಎಂದು ಶಾಲೆಗೆ ಬರೆದು ಕೊಡಿ, ಮಕ್ಕಳ ವೈದ್ಯರನ್ನೂ ಕೇಳಿ. ಬೇರೆ ಮಗುವಿನ ಮೇಲೆ ಹೊಟ್ಟೆಕಿಚ್ಚು ಪಡಲೇಬೇಕೆಂದಿದ್ದರೆ, ಅದಕ್ಕೆ ಸಿಗುತ್ತಿರುವ ಸಹಾಯ ಕಂಡು ಪಡಿ. ಪಟ್ಟು ಸುಮ್ಮನಿರಬೇಡಿ, ನಿಮ್ಮ ಮಗುವಿಗೂ ಅದನ್ನೇ ಕೇಳಿ ತನ್ನಿ.