ಅರಕೆರೆ ಅಳಿಯನ ಬ್ಯಾಟರಿ

ಬ್ಯಾಟರಿ ಸತ್ತಿದೆ ಎಂದು ಹೊತ್ತು ತರುವವರಲ್ಲಿ ಮುಕ್ಕಾಲು ಪಾಲು ಜನ ಅದನ್ನು ತಾವೇ ಕೊಂದು ತಂದಿರುತ್ತಾರೆ. ಕೆ.ಆರ್. ಪೇಟೆ ಬಸ್ ನಿಲ್ದಾಣದ ಹಿಂದೆ ಹನ್ನೊಂದು ವರ್ಷದಿಂದ ಚಾರ್ಜಿಂಗ್ ಅಂಗಡಿ ಇಟ್ಟುಕೊಂಡಿರುವ ರಂಗಸ್ವಾಮಿ ನಾನು, ಇಂಥ ಪೆದ್ದರನ್ನು ಬೇಕಾದಷ್ಟು ನೋಡಿದ್ದೇನೆ. ನಾಗಮಂಗಲದ ಮೇಷ್ಟ್ರೊಬ್ಬರು ಡಿಸ್ಟಿಲ್ ವಾಟರ್ ಬದಲು ಬೋರ್ ನೀರು ಹುಯ್ದು ತಂದು, 'ನಾವು ಕುಡಿಯೋದೂ ಅದನ್ನೇ ಅಲ್ವೇನ್ರಿ' ಎಂದು ನನಗೇ ಪಾಠ ಹೇಳಿದ್ದರು. ಆದರೆ ತೊಂಬತ್ತಾರರಲ್ಲಿ ಸಂತೆಬಾಚಹಳ್ಳಿಯ ತಮ್ಮಯ್ಯ ತಂದ ಬ್ಯಾಟರಿಯ ಮುಂದೆ ಅವರೆಲ್ಲ ಪಂಡಿತರು.

ಮೂರನೇ ಸಲ ಅದೇ ಬ್ಯಾಟರಿಯನ್ನು ಗೋಣಿಚೀಲದಲ್ಲಿ ಸುತ್ತಿ, ಮೊಮ್ಮಗನಂತೆ ಅಪ್ಪಿಕೊಂಡು ಬಂದಿದ್ದ.

"ಅಳಿಯಂದ್ರ ಗಾಡೀದು ಕಣಪ್ಪ. ಸಾಯಂಕಾಲ ನಿಲ್ಸುದ್ರೆ ಬೆಳಿಗ್ಗೆ ಸತ್ತೋಗಿರ್ತದಂತೆ. 'ನಿಮ್ಮಪ್ಪ ಕಳಪೆ ಗಾಡಿ ಕೊಟ್ಟವ್ನೆ, ಬ್ಯಾರೆ ಕೊಡ್ಸೋಗಂಟ ಬರ್‌ಬ್ಯಾಡ' ಅಂತ ಮಗ್ಳುನ್ನ ಮನೆಗೆ ಕಳ್ಸವ್ರೆ."

"ಬ್ಯಾಟ್ರಿ ಸತ್ರೆ ಹೆಂಡ್ತೀನ ಯಾಕಯ್ಯಾ ಕಳ್ಸಾದು?"

"ಮರ್ವಾದೆ ಪ್ರಶ್ನೆ ಕಣ್ ರಂಗಸ್ವಾಮಿ."

ಮರ್ಯಾದೆಯಂತೆ, ಥೂ! ಅಳಿಯ ಲೋಕೇಶನಿಗೆ ಮದುವೆಯಲ್ಲಿ ಕೊಟ್ಟಿದ್ದ ಬೈಕು ಅದು. ಬ್ಯಾಟರಿ ಇಳಿದರೆ ಎಷ್ಟು ಒದ್ದರೂ ಸ್ಟಾರ್ಟ್ ಆಗದ ಜಾತಿಯದು. ಅರಕೆರೆಯ ಹೋಟೆಲ್ ಮುಂದೆ ಒದ್ದೂ ಒದ್ದೂ ಅವನ ಚಪ್ಪಲಿಯೇ ಹಾರಿಹೋಗಿ, ಟೀ ಕುಡಿಯುತ್ತಿದ್ದವರೆಲ್ಲ ನಕ್ಕರಂತೆ. ಅವತ್ತೇ ಸಂಜೆ ತಮ್ಮಯ್ಯನ ಮಗಳು ದಿವ್ಯಳನ್ನು ಬಸ್ಸು ಹತ್ತಿಸಿದ್ದ. ಅದಾಗಿ ಎರಡು ತಿಂಗಳಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಯಾವುದಕ್ಕೂ ಜೋಡಿಸದೆ ಒಂದು ವಾರ ಮೂಲೆಯಲ್ಲಿಟ್ಟೆ. ಆಮೇಲೆ ಒಂದೊಂದು ಸೆಲ್ಲಿನ ಆಸಿಡ್ಡನ್ನೂ ಗಾಜಿನ ಕೊಳವೆಗೆ ಎಳೆದು ನೋಡಿದರೆ ಒಳಗಿನ ತೇಲುಕಡ್ಡಿ ನೆಟ್ಟಗೆ ನಿಂತಿತ್ತು. ಒಂದು ಗೆರೆಯೂ ಇಳಿದಿರಲಿಲ್ಲ.

"ಬ್ಯಾಟ್ರಿ ಕಲ್ಲಿದ್ದಂಗೈತೆ ಕಣಯ್ಯಾ. ಕಳ್ಳ ಗಾಡೀಲವ್ನೆ. ನಡಿ, ಇಡ್ಕೊಡ್ತೀನಿ," ಎಂದೆ.

ಆ ಬ್ಯಾಟರಿಯನ್ನು ಅಂಗಡಿಯಲ್ಲೇ ಬಿಟ್ಟು, ಪರೀಕ್ಷೆಗೆ ನನ್ನದೊಂದನ್ನು ತೆಗೆದುಕೊಂಡು, ಪಾಂಡವಪುರದಲ್ಲೊಮ್ಮೆ ಶ್ರೀರಂಗಪಟ್ಟಣದಲ್ಲೊಮ್ಮೆ ಬಸ್ಸು ಬದಲಿಸಿ ಅರಕೆರೆಗೆ ಹೋದೆವು. ಅಳಿಯದೇವರು ಜಗಲಿಯ ನೆರಳಿನಲ್ಲೂ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಮಾವನಿಗೆ ಎದ್ದು ನಿಲ್ಲಲಿಲ್ಲ. ಗಾಡಿಯ ಮೇಲೆ ದಪ್ಪ ಟಾರ್ಪಾಲು ಹೊದಿಸಿತ್ತು.

ಬೀಗದ ಕೈ ಲೋಕೇಶನ ಜೇಬಿನಲ್ಲೇ ಇತ್ತು. ಗಾಡಿಗೆ ನನ್ನ ಬ್ಯಾಟರಿ ಕೂರಿಸಿ, ನೆಗೆಟಿವ್ ತುದಿಗೂ ಅದರ ವೈರಿಗೂ ನಡುವೆ ಟೆಸ್ಟ್ ಬಲ್ಬ್ ಹಿಡಿದೆ. ಗಾಡಿ ಆಫ್ ಆಗಿದ್ದರೆ ಅದು ಹೊತ್ತಿಕೊಳ್ಳಕೂಡದು. ಹೊತ್ತಿಕೊಂಡಿತು. ಯಾರೋ ಒಳಗೊಳಗೇ ಕರೆಂಟು ಕುಡಿಯುತ್ತಿದ್ದಾರೆ ಎಂದರ್ಥ. ಸೀಟು ಬಿಚ್ಚಿದೆ. ಬ್ಯಾಟರಿಯಿಂದ ನೇರವಾಗಿ ಒಂದು ಕೆಂಪು ವೈರು ಹಿಂದಿನ ಮಡ್ಗಾರ್ಡಿಗೆ ಓಡಿತ್ತು. ಅಲ್ಲಿ ಒಂದು ಬೋರ್ಡು. ಬೋರ್ಡಿನ ಮೇಲೆ 'ಲೋಕಿ' ಎಂಬ ಹೆಸರು, ಅದರ ಬೆನ್ನಿಗೆ ಕೆಂಪು ಬಲ್ಬು.

"ಇದುಕ್ಕೆ ಸುಚ್ಚೆಲ್ಲಪ್ಪಾ?"

"ಸುಚ್ಚ್ಯಾಕೆ? ಗಾಡಿ ನಿಲ್ಸಿದ್ರೂವೆ ಎಸ್ರು ಒಳೀತಿರ್‌ಬೇಕು," ಎಂದ ಲೋಕೇಶ, ನನಗೆ ನಾಗರಿಕತೆ ಕಲಿಸುವವನ ಹಾಗೆ.

"ರಾತ್ರಿ ಟಾರ್ಪಾಲ್ ಒದುಸ್ತೀಯಲ್ಲ, ಒಳಗೆ ಯಾರ್ಲಾ ಓದ್ತಾರೆ?"

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ದಿನಾ ರಾತ್ರಿ ಟಾರ್ಪಾಲಿನ ಕೆಳಗೆ ತನ್ನ ಹೆಸರು ಬೆಳಗಿಸಿಕೊಂಡು ಮಲಗುತ್ತಿದ್ದ, ಬೆಳಿಗ್ಗೆ ಎದ್ದು ಮಾವನನ್ನು ಬೈಯುತ್ತಿದ್ದ. ಕೆಂಪು ವೈರನ್ನು ಬ್ಯಾಟರಿಯಿಂದ ಕಿತ್ತು, ಬೀಗ ತಿರುಗಿಸಿದರೆ ಮಾತ್ರ ಕರೆಂಟು ಬರುವ ಕಡೆ ಜೋಡಿಸಿದೆ. ಹತ್ತು ನಿಮಿಷದ ಕೆಲಸ. ಮತ್ತೆ ಟೆಸ್ಟ್ ಬಲ್ಬ್ ಹಿಡಿದರೆ ಹೊತ್ತಲಿಲ್ಲ. ನನ್ನ ಬ್ಯಾಟರಿ ಬಿಚ್ಚಿಕೊಂಡೆ. ಸುತ್ತ ನೆರೆದಿದ್ದವರು ಕಿಸಕ್ಕೆಂದರು.

ಲೋಕೇಶನ ತಾಯಿ ಚಿಕ್ಕಬೋರಮ್ಮನ ಬಾಯಿಂದ ಒಂದು 'ತಪ್ಪಾಯ್ತು' ಬರಲಿಲ್ಲ. "ಅಂಗಾರೆ ಬುಧವಾರ ಉಡ್ಗೀನ ಕಳ್ಸಿ. ಬರ್ತಾ ಬ್ಯಾಟ್ರಿ ತಕ್ಕಬರ್ಲಿ," ಎಂದಳು, ಅಂಗಡಿಯಿಂದ ಬೆಲ್ಲ ತರಿಸಿದ ಹಾಗೆ. ತಮ್ಮಯ್ಯನಿಗೆ ಅಷ್ಟೇ ಸಾಕಾಯಿತು. ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ 'ತಪ್ಪು ನಮ್ದಲ್ಲ' ಎಂದು ಸಾರಿಕೊಂಡು ಬಂದ. ಯಾಕೆ ಸುಳ್ಳು ಹೇಳಲಿ, ನಾನೂ ಉಬ್ಬಿಹೋಗಿದ್ದೆ.

ಬುಧವಾರ ಅಪ್ಪ ಮಗಳು ಅಂಗಡಿಗೆ ಬಂದರು. ದಿವ್ಯಳ ಕಂಕುಳಲ್ಲಿ ತವರಿನ ಮಡಿಲಕ್ಕಿ ಗಂಟಿತ್ತು. ತಮ್ಮಯ್ಯ ಬಾಳೆಹಣ್ಣು ತರಲು ಹೋದ. ನಾನು ಬ್ಯಾಟರಿಯನ್ನು ಚೀಲಕ್ಕಿಳಿಸಿ ಅವಳ ಕೈಗೆ ಕೊಟ್ಟು, "ವಾಲುಸ್‌ಬ್ಯಾಡ ಕಣವ್ವ, ನೆಟ್ಟಗೆ ಇಡ್ಕೊ. ಆಸಿಡ್ ಚೆಲ್ಲುದ್ರೆ ಸೀರೆ ಸುಟ್ಟೋಯ್ತದೆ," ಎಂದೆ.

"ಇದು ಎಷ್ಟ್ ದಿನ ಬತ್ತದಣ್ಣ?"

"ದಿನ ಏನವ್ವ, ಮೂರ್ ವರ್ಷ ಅಳ್ಳಾಡಕಿಲ್ಲ. ನಾನ್ ಗ್ಯಾರಂಟಿ!"

ಖುಷಿಪಡುತ್ತಾಳೆ ಎಂದುಕೊಂಡೆ. ಅವಳು ಚೀಲವನ್ನು ಬೆಂಚಿನ ಮೇಲಿಟ್ಟಳು.

"ಮೂರ್ ವರ್ಷ್ವಾ? ನೀನ್ ಯಾಕಣ್ಣ ಸರಿ ಮಾಡ್ದೆ? ಗಾಡಿಗೆ ಒದ್ದು ಸಾಕಾದ್ ಮ್ಯಾಕೆ ನಂಗೇ ಒದೀತಿದ್ದಿದ್ದು. ಗಾಡಿ ಓಡ್ತಿದ್ದಾಗ್ಲೂ ಒದೀತಿದ್ರು, ಅದುಕ್ಕೆ ಬ್ಯಾರೆ ನೆಪ. ಈ ಬ್ಯಾಟ್ರಿ ಕೆಟ್ಟಿದ್ರಿಂದ್ಲೇ ಅಲ್ವಾ ನಾನು ಎರಡ್ ತಿಂಗ್ಳು ನೆಮ್ಮದಿಯಾಗಿ ಮಲ್ಗಿದ್ದು?"

ಅಯ್ಯೋ ನನ್ನ ಬುದ್ಧಿಗಿಷ್ಟು! ಅವರ ಜಗಲಿಯಲ್ಲಿ ಕೂತು ಟೀ ಕುಡಿದು ಬಂದಿದ್ದೆ. ಒದೆಯುವ ಕಾಲನ್ನು ಕಣ್ಣಾರೆ ಕಂಡಿದ್ದೆ. ಹುಡುಗಿಯ ಮಾತೇ ಎತ್ತಿರಲಿಲ್ಲ. ಊರಿನವರನ್ನೆಲ್ಲ ಪೆದ್ದರೆಂದು ಬೈದುಕೊಂಡು ಬದುಕಿದ ನನ್ನಂಥ ಶತಮುಠ್ಠಾಳ ಈ ತಾಲ್ಲೂಕಿನಲ್ಲಿರಲಿಲ್ಲ.

ತಮ್ಮಯ್ಯ ಬಂದ ತಕ್ಷಣ ಅಡ್ಡ ನಿಂತೆ. "ಬ್ಯಾಟ್ರಿ ನೀನೊಬ್ನೇ ಓಗಿ ಕೊಟ್ ಬಾ. ಉಡ್ಗಿ ಓಗದ್ ಬ್ಯಾಡ. ಅವ್ನು ಒಡೀತಾನಂತೆ ಕಣಯ್ಯಾ!"

ತಮ್ಮಯ್ಯ ಮಗಳ ಕಡೆ ತಿರುಗಲೇ ಇಲ್ಲ. ಗೊತ್ತಿಲ್ಲದವನು ತಿರುಗಿ ನೋಡುತ್ತಾನೆ. ಇವನಿಗೆ ಗೊತ್ತಿತ್ತು.

"ಗಂಡ ಎಂಡ್ತಿ ಇಚಾರ ಬುಡು ರಂಗಸ್ವಾಮಿ," ಎಂದ ಮೆಲ್ಲಗೆ. "ಗಾಡಿ ನೆಪ ಇರೋಗಂಟ ಜನುಕ್ಕೆ ಏನಾರ ಏಳ್ಬೋದಿತ್ತು. ಈಗ ಮನೇಲಿ ಮಡಿಕ್ಕಂಡ್ರೆ ಏನಂತ ಏಳ್ಲಿ? ಗಾಡಿ ಸರಿಯಾಯ್ತಲ್ಲ. ನೀನೇ ಮಾಡ್ದೆ."

ಬಸ್ಸು ಬಂತು. ದಿವ್ಯ ಕಿಟಕಿಯ ಪಕ್ಕ ಕೂತಳು. ನಾನು ಕಿಟಕಿಯ ಕೆಳಗೆ ಓಡಿಹೋಗಿ "ಅವ್ವಾ, ಇಳ್ಕೊ," ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಬ್ಯಾಟರಿಯನ್ನು ಮಡಿಲಲ್ಲಿಟ್ಟುಕೊಂಡು, ನಾನು ಹೇಳಿಕೊಟ್ಟ ಹಾಗೇ, ವಾಲದಂತೆ ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದಿದ್ದಳು.